ಹೇಸರಗತ್ತೆಗಳು ನಡೆದ ಹಾದಿ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಎಂಬ ಹಳೆಯ ಪೇಟೆಯಲ್ಲಿ ಮೊದಲುಗೊಂಡು, ಪೊಟೊಮ್ಯಾಕ್ ನದಿಯ ಎಡದಂಡೆಯನ್ನೇ ನೆಚ್ಚಿಕೊಂಡು, ಸಿಕಮೋರ್ ಮತ್ತು ಮೇಪಲ್ ವೃಕ್ಷಗಳ ದಟ್ಟವಾದ ನೆರಳಿನಲ್ಲಿ 184.5 ಮೈಲಿಗಳಷ್ಟು ದೂರ ಸಾಗಿ, ಅಪಲೇಶಿಯನ್ ಪರ್ವತಗಳ ಬುಡದ ಕಂಬರ್ಲೆಂಡ್ ಪಟ್ಟಣದಲ್ಲಿ ಮುಗಿಯುವ ಮಣ್ಣುಜಲ್ಲಿಯ ಹಾದಿಯೊಂದುಂಟು. ಇಂದು ಅದು ಅಗಲವಾದ ಚಕ್ರಗಳ ಸೈಕಲ್ಲನ್ನೇರಿ ಕಾಡು ಕಣಿವೆಗಳಲ್ಲಿ ಸಂಚರಿಸಬಯಸುವವರ ಪ್ರಿಯವಾದ ಮಾರ್ಗ. ಎಲ್ಲಿಯೂ ಏದುಸಿರು ಬಿಡಿಸುವ ಏರಿಲ್ಲ. ಕೊರಳು ನೋಯುವಂತೆ ಬಳಸುವ ತಿರುವಿಲ್ಲ. ಈ ಸೌಮ್ಯತೆಯನ್ನು ಪ್ರಕೃತಿಯ ಕೊಡುಗೆಯೆಂದು ಭಾವಿಸುವವರೇ ಬಹುಮಂದಿ. ಆದರೆ ಆ ಹಾದಿಯ ಅಗಲ, ಅದರ ಸಮತೆ, ನೀರಿನ ಅಂಚಿಗೆ ಅದು ಅಂಟಿಕೊಂಡಿರುವ ರೀತಿ, ಇವೆಲ್ಲವೂ ಭಾರದ ದೋಣಿಯನ್ನು ಹಗ್ಗದಿಂದ ಎಳೆಯುತ್ತ ನಡೆಯಬೇಕಾಗಿದ್ದ ಹೇಸರಗತ್ತೆಯ ಕಾಲಿಗೆಂದು ಮನುಷ್ಯನು ಅಳೆದು ಮಾಡಿದವು.

ಪೊಟೊಮ್ಯಾಕ್ ನದಿಯನ್ನು ಪಶ್ಚಿಮದ ವಿಶಾಲವಾದ ನೆಲಕ್ಕೆ ಹೆಬ್ಬಾಗಿಲಾಗಿಸಬೇಕೆಂಬುದು ಜಾರ್ಜ್ ವಾಷಿಂಗ್ಟನ್ನನ ಬಹುಕಾಲದ ಹಂಬಲ. 1785ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದಕ್ಕೆ ತಾನೇ ಅಧ್ಯಕ್ಷನಾಗಿ, ನದಿಯ ಜಲಪಾತಗಳನ್ನು ಬಳಸಿ ಹೋಗುವ ಚಿಕ್ಕ ಕಾಲುವೆಗಳನ್ನು ಅವನು ಆರಂಭಿಸಿದನು. ಆದರೆ ಬೇಸಗೆಯಲ್ಲಿ ಬತ್ತುವ, ಮಳೆಯಲ್ಲಿ ಉಕ್ಕುವ ನದಿಯನ್ನು ನಂಬಿ ವ್ಯಾಪಾರ ನಡೆಸುವುದು ಕಷ್ಟವೆಂದು ತಿಳಿದ ತರುವಾಯ, ನದಿಯ ಪಕ್ಕದಲ್ಲಿಯೇ ಪ್ರತ್ಯೇಕವಾದ ಜಲಮಾರ್ಗವನ್ನು ತೋಡಿ, ಪರ್ವತಗಳನ್ನು ದಾಟಿಸಿ, ಒಹಾಯೊ ನದಿಗೆ ಮುಟ್ಟಿಸುವ ಮಹಾಸಂಕಲ್ಪ ಹುಟ್ಟಿತು. ಅದೇ ಚೆಸಪೀಕ್ ಮತ್ತು ಒಹಾಯೊ ಕಾಲುವೆ. 1828ನೆಯ ಇಸವಿ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿಪೂಜೆಗೆಂಬಂತೆ ನೆಲಕ್ಕೆ ಸಲಿಕೆ ಹಾಕಿದಾಗ ಅದು ಮರದ ಬೇರಿಗೆ ತಾಗಿ ನಿಂತಿತು. ಆತನು ಮೇಲಂಗಿಯನ್ನು ಕಳಚಿಟ್ಟು ಮತ್ತೆ ಅಗೆದು ಮಣ್ಣನ್ನೆತ್ತಿದನು, ಜನ ಹರ್ಷೋದ್ಗಾರ ಮಾಡಿತು. ಅದೇ ದಿನ ಬಾಲ್ಟಿಮೋರಿನಲ್ಲಿ, ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದವರಲ್ಲಿ ಆಗ ಉಳಿದಿದ್ದ ಒಬ್ಬನೇ ಒಬ್ಬ ವೃದ್ಧ, ಚಾರ್ಲ್ಸ್ ಕ್ಯಾರಲ್, ಬಾಲ್ಟಿಮೋರ್ ಮತ್ತು ಒಹಾಯೊ ರೈಲ್ವೆಗೆ ಮೊದಲ ಕಲ್ಲನ್ನಿಟ್ಟನು. ಕಾಲುವೆಯ ಹಣೆಬರಹ ಆ ದಿನವೇ ಬರೆಯಲ್ಪಟ್ಟಿತೆಂದರೆ ತಪ್ಪಾಗದು. ರೈಲು ಕಂಬರ್ಲೆಂಡನ್ನು ತಲುಪಿದ್ದು 1842ರಲ್ಲಿ. ಕಾಲುವೆ ತಲುಪಿದ್ದು 1850ರಲ್ಲಿ. ಒಹಾಯೊ ನದಿಯನ್ನು ಅದು ಎಂದೆಂದಿಗೂ ಮುಟ್ಟಲಿಲ್ಲ.

ಆ ಇಪ್ಪತ್ತೆರಡು ವರ್ಷಗಳ ದುಡಿಮೆ ಯಾರದೆಂಬುದನ್ನು ಸೈಕಲ್ ಸವಾರರ ಕೈಪಿಡಿಗಳು ಒಂದೆರಡು ಸಾಲುಗಳಲ್ಲಿ ಹೇಳಿ ಮುಗಿಸುತ್ತವೆ, ಅಷ್ಟು ಸಾಲದು. ಸಮುದ್ರವನ್ನು ದಾಟಿ ಬಂದ ಐರಿಷ್, ಜರ್ಮನ್, ಇಂಗ್ಲಿಷ್ ಮತ್ತು ವೆಲ್ಷ್ ಕೂಲಿಗಾರರು ಗುದ್ದಲಿ, ಹಾರೆ, ಕರಿಮದ್ದುಗಳಿಂದ ಈ ಕಣಿವೆಯನ್ನು ಕೊರೆದರು. 1832ರಲ್ಲಿ ಕಾಲರಾ ಮಾರಿ ಅವರ ಗುಡಿಸಿಲುಗಳಿಗೆ ನುಗ್ಗಿತು. 1834ರಲ್ಲಿ ಕೆಲಸಗಾರರ ನಡುವೆ ಹೊಡೆದಾಟಗಳೆದ್ದಾಗ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ ಸೇನೆಯನ್ನು ಕಳುಹಿಸಿದನು. ಕೂಲಿಕಾರರ ಕಲಹವೊಂದಕ್ಕೆ ಆ ದೇಶದ ಕೇಂದ್ರ ಸರ್ಕಾರ ಸೈನ್ಯವನ್ನು ನಿಯೋಜಿಸಿದ್ದು ಅದೇ ಮೊದಲು. ಅವರ ಶ್ರಮದ ಪರಾಕಾಷ್ಠೆಯೆಂದರೆ ಪಾ ಪಾ ಸುರಂಗ. ನದಿ ಅಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುವುದರಿಂದ, ಆ ಸುತ್ತುಗಳನ್ನು ತಪ್ಪಿಸಲು ಬೆಟ್ಟವನ್ನೇ ತೂತು ಮಾಡುವುದೆಂದು ನಿಶ್ಚಯವಾಯಿತು. 1836ರಲ್ಲಿ ಕೈಹಚ್ಚಿದ ಆ ಕಾರ್ಯ, ಹಣವಿಲ್ಲದೆ ವರ್ಷಾನುಗಟ್ಟಲೆ ನಿಂತು, ಹದಿನಾಲ್ಕು ವರ್ಷಗಳನ್ನು ನುಂಗಿತು. 3,118 ಅಡಿ ಉದ್ದದ ಆ ಬಿಲಕ್ಕೆ ಒಳಮೈಯಾಗಿ ಕಟ್ಟಿದ ಇಟ್ಟಿಗೆಗಳು ಸುಮಾರು ಅರವತ್ತು ಲಕ್ಷ.

ಕಾಲುವೆಯ ಉದ್ದಕ್ಕೂ ದೋಣಿಗಳು ಒಟ್ಟು 605 ಅಡಿಗಳಷ್ಟು ಏರಬೇಕಾಗಿದ್ದಿತು. ನೀರೇನೋ ಇಳಿಯಬಲ್ಲದು, ಏರಲಾರದು. ಆದಕಾರಣ 74 ಕಡೆ ಕಲ್ಲಿನ ತೊಟ್ಟಿಗಳನ್ನು ಕಟ್ಟಿ, ಎರಡು ತುದಿಗಳಿಗೂ ಮರದ ಕದಗಳನ್ನಿರಿಸಿದರು. ಲಾಕ್ ಎಂದು ಕರೆಯುವುದು ಇದನ್ನೇ. ದೋಣಿಯನ್ನು ತೊಟ್ಟಿಯೊಳಕ್ಕೆ ತಂದು ಹಿಂದಿನ ಕದವನ್ನಿಕ್ಕಿ, ಮುಂದಿನ ಕದದ ತೂಬುಗಳನ್ನು ಕಬ್ಬಿಣದ ಕೈಗಳಿಂದ ತಿರುವಿದರೆ ಮೇಲಣ ನೀರು ಬುಸುಗುಟ್ಟುತ್ತ ಒಳನುಗ್ಗುವುದು. ದೋಣಿ ಅದರೊಡನೆ ಎಂಟಡಿಗಳಷ್ಟು ಮೇಲೇಳುವುದು. ತೊಟ್ಟಿಯ ಅಗಲ ಹದಿನೈದು ಅಡಿ, ದೋಣಿಯದು ಹದಿನಾಲ್ಕೂವರೆ. ಚುಕ್ಕಾಣಿಗನ ಕೈ ಒಂದಿಷ್ಟು ತಪ್ಪಿದರೆ ನೂರು ಟನ್ನಿಗೂ ಮೀರಿದ ಕಲ್ಲಿದ್ದಲಿನ ಭಾರ ಕಲ್ಲಿಗೆ ಬಡಿಯುವುದು. ಹಗಲೆನ್ನದೆ ರಾತ್ರಿಯೆನ್ನದೆ ದೋಣಿಯವರ ಕೊಂಬಿನ ದನಿಗೆ ಎದ್ದುಬಂದು ಕದ ತೆರೆಯುವ ಕಾವಲುಗಾರನಿಗೆ ಸಂಸ್ಥೆ ಕೊಡುತ್ತಿದ್ದುದು ಅಲ್ಪವಾದ ಸಂಬಳ ಮತ್ತು ತೊಟ್ಟಿಯ ಪಕ್ಕದಲ್ಲೊಂದು ಸಣ್ಣ ಮನೆ. ದೋಣಿಯೂ ಮನೆಯೇ. ಹಿಂಗೋಟಿನ ಕೋಣೆಯಲ್ಲಿ ಯಜಮಾನನ ಸಂಸಾರ, ಮುಂಗೋಟಿನ ಲಾಯದಲ್ಲಿ ಸರದಿ ಕಾಯುವ ಹೇಸರಗತ್ತೆಗಳು. ದಂಡೆಯ ಮೇಲೆ ಅವುಗಳ ಜೊತೆಯಲ್ಲಿ ದಿನಕ್ಕೆ ಹತ್ತಾರು ಮೈಲಿ ನಡೆಯುತ್ತಿದ್ದವರು ಅನೇಕ ವೇಳೆ ಆ ಸಂಸಾರದ ಮಕ್ಕಳೇ. ಒದ್ದೆಯಾದ ಹಗ್ಗ ಮರಳನ್ನು ಮೆತ್ತಿಕೊಂಡು ತೊಟ್ಟಿಯ ಅಂಚುಗಳ ಮೇಲೆ ಮತ್ತೆ ಮತ್ತೆ ಉಜ್ಜಿ, ಗಟ್ಟಿಯಾದ ಕಲ್ಲಿನಲ್ಲಿ ಬೆರಳು ಹುದುಗುವಷ್ಟು ಆಳದ ಗೆರೆಗಳನ್ನು ಕೊರೆದಿದೆ. ಪಾ ಪಾ ಸುರಂಗದ ಕಟಕಟೆಯ ಮರದಲ್ಲಿಯೂ ಅಂಥವೇ ಗೆರೆಗಳಿವೆ. ಆ ಕಾಲದ ಯಾವ ದಾಖಲೆಯೂ ಈ ಗೆರೆಗಳಷ್ಟು ನೇರವಾಗಿ ಮಾತನಾಡದೆಂದು ನನ್ನ ಭಾವನೆ.

ಮುಂದಿನ ಕಥೆ ಬೇಗ ಮುಗಿಯುವುದು. 1870ರ ದಶಕದಲ್ಲಿ ಕಲ್ಲಿದ್ದಲಿನ ಸಾಗಣೆಯಿಂದ ಏಳಿಗೆಯನ್ನು ಕಂಡ ಕಾಲುವೆಯನ್ನು 1889ರ ಮಹಾಪೂರ ಮುರಿಯಿತು. ಅದು ಪ್ರತಿಸ್ಪರ್ಧಿಯಾದ ರೈಲ್ವೆಯ ಕೈಗೇ ಸೇರಿತು. 1924ರ ಪ್ರವಾಹದ ಮೇಲೆ ದೋಣಿಗಳು ಮತ್ತೆ ಹೊರಡಲಿಲ್ಲ. 1938ರಲ್ಲಿ ಸರ್ಕಾರ ಅದನ್ನು ಇಪ್ಪತ್ತು ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು.

ಎರಡನೆಯ ಮಹಾಯುದ್ಧದ ತರುವಾಯ, ಹೂಳು ತುಂಬಿ ಮರ ಬೆಳೆದ ಈ ದಂಡೆಯ ಮೇಲೆ ಮೋಟಾರುಗಳಿಗಾಗಿ ರಸ್ತೆಯೊಂದನ್ನು ಹಾಸಬೇಕೆಂಬ ಯೋಜನೆ ಬಲಗೊಂಡಿತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಂಪಾದಕೀಯದಲ್ಲಿ ಅದನ್ನು ಅನುಮೋದಿಸಿದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಾಸರು, ಬರೆದವರು ತಮ್ಮೊಡನೆ ಈ ಹಾದಿಯನ್ನು ಕಾಲ್ನಡೆಯಲ್ಲಿ ಕಂಡು ಆಮೇಲೆ ತೀರ್ಮಾನ ಹೇಳಲೆಂದು ಆಹ್ವಾನಿಸಿದರು. ವಾದವನ್ನು ವಾದದಿಂದ ಗೆಲ್ಲುವುದೇ ವೃತ್ತಿಯಾಗಿದ್ದ ವ್ಯಕ್ತಿ, ಇಲ್ಲಿ ನೆಲವೇ ಸಾಕ್ಷಿ ನುಡಿಯಲೆಂದು ಪಕ್ಕಕ್ಕೆ ಸರಿದುನಿಂತದ್ದು ನನಗೆ ಬಹು ದೊಡ್ಡ ವಿಷಯವಾಗಿ ತೋರುತ್ತದೆ. ಮಾರ್ಚ್ ತಿಂಗಳಲ್ಲಿ ಕಂಬರ್ಲೆಂಡಿನಿಂದ ಹೊರಟ ಯಾತ್ರೆ ಎಂಟು ದಿನ ನಡೆಯಿತು. ಪೂರ್ತಿ ದೂರವನ್ನು ಕ್ರಮಿಸಿದವರು ಡಗ್ಲಾಸರೂ ಸೇರಿ ಒಂಬತ್ತು ಮಂದಿ. ಪತ್ರಿಕೆ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿತು. ಹದಿನೇಳು ವರ್ಷಗಳ ಬಳಿಕ, 1971ರ ಜನವರಿಯಲ್ಲಿ, ಇಡೀ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಕಂಬರ್ಲೆಂಡಿನಿಂದಾಚೆಗೆ ಪರ್ವತಗಳನ್ನು ದಾಟಲಾರದೆ ಕಾಲುವೆ ನಿಂತ ಕಡೆಯಿಂದ, ಕೈಬಿಟ್ಟ ರೈಲುಹಳಿಗಳ ಜಾಡಿನ ಮೇಲೆ ಸುಣ್ಣಕಲ್ಲಿನ ಪುಡಿಜಲ್ಲಿಯನ್ನು ಹಾಸಿ ನಿರ್ಮಿಸಿದ ಮತ್ತೊಂದು ಹಾದಿ, ಕ್ಯಾಸಲ್‌ಮನ್ ಮತ್ತು ಯಾಕಿಯೋಗೆನಿ ನದಿಗಳ ಕಣಿವೆಗಳನ್ನು ಹಿಡಿದು, 2013ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಒಹಾಯೊ ನದಿಯ ಉಗಮಸ್ಥಾನವನ್ನು ಮುಟ್ಟಿತು. 1828ರಲ್ಲಿ ನೀರಿಗಾಗಿ ಕಂಡ ಕನಸು ಚಕ್ರದಿಂದ ಪೂರ್ಣವಾಯಿತು.

ವಾಷಿಂಗ್ಟನ್ನಿನ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಇಂದು ಕಡಮೆಯಲ್ಲ. ಅವರನ್ನು ಕಾಣಲು ಹೋಗುವ ತಾಯಿತಂದೆಗಳೂ ಕಡಮೆಯಲ್ಲ. ಸೈಕಲ್ಲಾಗಲಿ ಕಾಲ್ನಡೆಯಾಗಲಿ, ಒಂದು ದಿನವನ್ನು ಈ ಹಾದಿಗೆ ಮೀಸಲಿಡಿ. ಪಾ ಪಾ ಸುರಂಗದವರೆಗೂ ಹೋಗುವುದಾದರೆ ಕೈದೀಪವನ್ನು ಮರೆಯಬೇಡಿ, ಒಳಗೆ ಬೆಳಕಿಲ್ಲ; ಸೈಕಲ್ಲಿನಿಂದಿಳಿದು ನಿಧಾನವಾಗಿ ನಡೆಯಿರಿ.