ಹಿಮ್ಮೇಳದವರಿಗೆ ಹೆಸರಿಲ್ಲವೇ?

ಲಾವಣಿಯ ಕೊನೆಯ ನುಡಿಯಲ್ಲಿ ಕಟ್ಟಿದ ಕವಿಯ ಹೆಸರು ಬರುತ್ತದೆ. ಅವನ ಊರು ಬರುತ್ತದೆ, ಗುರುವಿನ ಹೆಸರೂ ಬರುತ್ತದೆ. ತುಂತುಣಿ ಮೀಟಿದವನ ಹೆಸರು ಮಾತ್ರ ಬರುವುದಿಲ್ಲ. ನಮ್ಮ ಮುತ್ಯಾ ಆ ಬಾರದ ಹೆಸರಿನಾಂವ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಗಳಲ್ಲಿ ಗೀಗೀ ಮೇಳಗಳು ರಾತ್ರಿಯಿಡೀ ಹಾಡಿವೆ. ಒಂದು ಮೇಳ ಹರದೇಶಿ, ಗಂಡಿನ ಪಕ್ಷ. ಎದುರಿನದು ನಾಗೇಶಿ, ಹೆಣ್ಣಿನ ಪಕ್ಷ. ಬೆಳಗಾಗುವ ತನಕ ಸವಾಲು-ಜವಾಬು. ಮುಂದಿನವ ದಪ್ಪು ಹಿಡಿದು ಹಾಡುತ್ತಾನೆ. ಹಿಂದೆ ಇಬ್ಬರು: ಒಬ್ಬನದು ತುಂತುಣಿ, ಇನ್ನೊಬ್ಬನದು ತಾಳ. ನುಡಿ ಮುಗಿದಾಗ 'ಗೀ ಗೀ' ಎಂದು ದನಿ ಎತ್ತಿ ಹಿಡಿಯುವವರು ಇವರೇ. ಗೆಳೆಯರೇ, ವಿಚಾರ ಮಾಡ್ರಿ: ಈ ಹಾಡಿಗೆ ಹೆಸರು ಬಂದದ್ದೇ ಹಿಮ್ಮೇಳದ ಗಂಟಲಿನಿಂದ. ಹಾಡಿಗೆ ಹೆಸರು ಕೊಟ್ಟವರಿಗೇ ಹೆಸರಿಲ್ಲ!

ಖಾಯಂ ಹಿಮ್ಮೇಳದಾಂವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕೂಲಿಗೆ ಗೋವಾಕ್ಕೋ ಗುಳೆ ಹೋಗಿದ್ದರೆ ಮುತ್ಯಾಗೆ ಕರೆ ಬರುತ್ತಿತ್ತು. "ಮುತ್ಯಾ, ನೀ ಯಾವ ಮೇಳದಾಂವ?" ಅಂತ ಕೇಳಿದ್ದೆ. "ಯಾವ ಮೇಳದಾಗ ಒಂದು ಜಾಗ ಖಾಲಿ ಇರ್ತದೋ ಆ ಮೇಳದಾಂವ, ತಮ್ಮಾ" ಅಂದ. ಇವತ್ತು ಹರದೇಶಿ, ನಾಳೆ ನಾಗೇಶಿ. ಎರಡೂ ಪಕ್ಷದ ಮಟ್ಟು ಅವನಿಗೆ ಗೊತ್ತಿರಬೇಕು. ತಪ್ಪಿದರೆ ಬೈಗಳ ಅವನಿಗೆ, ಗೆದ್ದರೆ ಫೇಟೆ ಮುಂದಿನವನಿಗೆ. ಒಂದೂರಿನಲ್ಲಿ ಹಾಡು ಮುಗಿದ ಮೇಲೆ ಉಳಿದವರಿಗೆ ಒಳಗೆ ಊಟ, ಮುತ್ಯಾನಿಗೆ ಹೊರಗೆ ಎಲೆ. ರಾತ್ರಿಯಿಡೀ ಅವನ ದನಿ ಕೇಳಿದ ಕಿವಿಗಳಿಗೆ ಮೈಲಿಗೆ ಆಗಿರಲಿಲ್ಲ! ತುಂತುಣಿಯ ತಳಕ್ಕೆ ಬಿಗಿದ ಚರ್ಮವೂ ನಮ್ಮ ಕೇರಿಯಲ್ಲೇ ಹದಗೊಂಡದ್ದು.

ಹಲಸಂಗಿಯ ಲಾವಣಿಕಾರ ಖಾಜಾಭಾಯಿಯ ಹೆಸರು ಉಳಿದಿದೆ, ಉಳಿಯಬೇಕು. ಹಲಸಂಗಿ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಜನಪದ ಹಾಡುಗಳಿಗೆ ಪುಸ್ತಕದ ಮರ್ಯಾದೆ ತಂದರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಅವರ ದುಡಿಮೆ ದೊಡ್ಡದು. ಪರೀಕ್ಷೆಗೆಂದು ಸಂಗ್ರಾಹಕರ ಹೆಸರು ನಾನೂ ಬಾಯಿಪಾಠ ಮಾಡಿದೆ. ಆದರೆ ಹಾಡಿದವರು ಯಾರು, ಹಿಂದೆ ನಿಂತು ದನಿಗೂಡಿಸಿದವರು ಯಾರು? ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ನನಗೆ ಬರಲಿಲ್ಲ.

ದೂರದ ದೇಶದ ಒಂದು ಮಾತು ಹೇಳುತ್ತೇನೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಒಂದು ಕಾಲಕ್ಕೆ ಗಿರಣಿ ಬಟ್ಟೆಯ ಊರಾಗಿತ್ತು. ಅಲ್ಲಿ 1976ರಲ್ಲಿ 'ದಿ ಫಾಲ್' ಎಂಬ ಮೇಳ ಹುಟ್ಟಿತು. ಅವರ ಒರಟು ಹಾಡಿಗೆ ಪೋಸ್ಟ್-ಪಂಕ್ ಎನ್ನುತ್ತಾರೆ. ಹಾಡುಗಾರ ಮಾರ್ಕ್ ಇ. ಸ್ಮಿತ್ 2018ರಲ್ಲಿ ಸಾಯುವ ತನಕ ಮೇಳ ನಡೆಯಿತು. ಆದಿಯಿಂದ ಅಂತ್ಯದವರೆಗೆ ಇದ್ದವ ಅವನೊಬ್ಬನೇ. ಬಂದು ಹೋದವರು 60ಕ್ಕೂ ಹೆಚ್ಚು ಮಂದಿ. ಡೇವ್ ಸಿಂಪ್ಸನ್ ಎಂಬ ಪತ್ರಕರ್ತ ಆ ಬಿಟ್ಟುಹೋದವರನ್ನು ಹುಡುಕಿಕೊಂಡು ಅಲೆದ. ಅವರ ಕಥೆಯನ್ನೇ 2008ರಲ್ಲಿ 'ದಿ ಫಾಲನ್' ಎಂಬ ಪುಸ್ತಕ ಮಾಡಿದ. ಅಲ್ಲಿಯೂ ಹೆಸರು ನಡುವೆ ನಿಂತವನದೇ. ಆದರೆ ಹಿಂದಿನವರನ್ನು ಹುಡುಕುವವನೊಬ್ಬ ಹುಟ್ಟಿದ.

ನಮ್ಮ ಹಿಂದಿನವರನ್ನು ಹುಡುಕುವವರು ಯಾರು? ಹಳ್ಳಿಯ ಮೇಷ್ಟ್ರೇ, ಕಾಲೇಜಿನ ತಮ್ಮಂದಿರೇ, ಅಕ್ಕ-ತಂಗಿಯರೇ, ಒಂದು ನೋಟುಬುಕ್ಕು ಸಾಕು. ನಿಮ್ಮೂರಿನ ಮೇಳದಲ್ಲಿ ಯಾರು ಇಲ್ಲದಾಗ ಯಾರು ಬಂದರು, ಯಾವ ಊರಿನಿಂದ ನಡೆದು ಬಂದರು, ಕೈಗೆ ಎಷ್ಟು ಸಿಕ್ಕಿತು, ಊಟಕ್ಕೆ ಎಲ್ಲಿ ಕೂಡಿಸಿದರು ಬರೆದುಕೊಳ್ಳಿರಿ. ಇದೂ ಇತಿಹಾಸವೇ. ರಾಜರ ಇಸವಿ ಕಲ್ಲಿನ ಮೇಲೆ ಐತಿ, ಎಲ್ಲಿಗೂ ಹೋಗೂದಿಲ್ಲ. ಇವರ ಹೆಸರು ಮುದುಕರ ಬಾಯಾಗ ಐತಿ.

ನನ್ನ ನೋಟುಬುಕ್ಕಿನ ಮೊದಲನೆಯ ಸಾಲಿನಲ್ಲಿ ಮುತ್ಯಾನ ಹೆಸರಿದೆ. ಎರಡನೆಯ ಸಾಲು, ಅವನು ಯಾರ ಬದಲಿಗೆ ಹೋದನೋ ಆ ಗುಳೆ ಹೋದವನದು.