ವೀಲ್ ಅಲೈನ್‌ಮೆಂಟ್ ಮತ್ತು ಸ್ಟೀರಿಂಗ್ ದೋಷ ಪತ್ತೆಯ ಚರಿತ್ರೆ

ವಾಹನದ ನಾಲ್ಕು ಚಕ್ರಗಳೂ ನೆಲದ ಮೇಲೆ ಯಾವ ಕೋನದಲ್ಲಿ ಊರಿರಬೇಕು, ಒಂದಕ್ಕೊಂದು ಹೇಗೆ ಹೊಂದಿರಬೇಕು ಎಂಬುದನ್ನು ಅಳೆದು ಸರಿಪಡಿಸುವ ಕೆಲಸವೇ ವೀಲ್ ಅಲೈನ್‌ಮೆಂಟ್. ಮುಖ್ಯ ಅಳತೆಗಳು ಮೂರು. ಚಕ್ರಗಳ ಮುಂಬದಿಗಳು ಪರಸ್ಪರ ಹತ್ತಿರ ಬಂದಿವೆಯೇ, ದೂರ ಸರಿದಿವೆಯೇ ಎಂಬುದು ಟೋ. ಎದುರು ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಚಕ್ರ ಹೊರಳುವ ಅಕ್ಷ ಪಕ್ಕದಿಂದ ಕಾಣುವಂತೆ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಕೈಬಿಟ್ಟ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಬಹುಮಟ್ಟಿಗೆ ಇದರ ಬಲದಿಂದ. ಈ ಕೋನಗಳನ್ನೆಲ್ಲ ಮೊದಲೇ ಲೆಕ್ಕಹಾಕಿ ಇಟ್ಟದ್ದಲ್ಲ. ಗಾಡಿ ಎಳೆಯುತ್ತದೆ, ಸ್ಟೀರಿಂಗ್ ಆಡುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ ಎಂಬ ದೂರುಗಳ ಬೆನ್ನು ಹತ್ತಿ ಕಂಡುಕೊಂಡದ್ದೇ ಹೆಚ್ಚು.

ಮೊದಲ ದೂರು ಕುದುರೆಗಾಡಿಯ ಕಾಲದ್ದು. ಮುಂದಿನ ಅಚ್ಚು ಇಡಿಯಾಗಿ ನಡುವಿನ ಗೂಟದ ಮೇಲೆ ತಿರುಗುತ್ತಿದ್ದುದರಿಂದ ಬಿಗಿ ತಿರುವಿನಲ್ಲಿ ಗಾಡಿ ಮಗುಚುವ ಭಯವಿತ್ತು. ಮ್ಯೂನಿಕ್‌ನ ಗಾಡಿ ತಯಾರಕ ಗೇಯೋರ್ಗ್ ಲಾಂಕೆನ್ಸ್‌ಪೆರ್ಗರ್ ಅಚ್ಚನ್ನು ಅಲುಗಾಡಿಸದೆ ಎರಡು ಚಕ್ರಗಳನ್ನು ಮಾತ್ರ ತಿರುಗಿಸುವ ಜೋಡಣೆ ಮಾಡಿದ. ಅದರ ಪೇಟೆಂಟನ್ನು 1818ರಲ್ಲಿ ಇಂಗ್ಲೆಂಡಿನಲ್ಲಿ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರೂ ಅವನದೇ ಉಳಿಯಿತು. ತಿರುವಿನ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ತಿರುಗಬೇಕೆಂಬ ಈ ಸೂತ್ರ ಇಂದಿನ ಕಾರುಗಳಲ್ಲೂ ಅಷ್ಟಿಷ್ಟು ಬದಲಾಗಿ ಇದೆ.

ಎರಡನೆಯ ದೊಡ್ಡ ದೂರು ಎದ್ದದ್ದು 1920ರ ದಶಕದಲ್ಲಿ. ಕಡಿಮೆ ಗಾಳಿಯ ದಪ್ಪ ಬಲೂನ್ ಟೈರುಗಳೂ ಮುಂಚಕ್ರದ ಬ್ರೇಕುಗಳೂ ಒಟ್ಟೊಟ್ಟಿಗೆ ಬಂದಾಗ ಮುಂದಿನ ಗಟ್ಟಿ ಆಕ್ಸಲ್ ವೇಗದಲ್ಲಿ ಗಡಗಡನೆ ಅದುರತೊಡಗಿತು. ಇದಕ್ಕೆ ಶಿಮ್ಮಿ ಎಂದು ಹೆಸರಾಯಿತು. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಹೋದ ಮಾರಿಸ್ ಆಲಿ ಇದನ್ನೇ ಹಿಡಿದು ಕೂತ ಇಂಜಿನಿಯರುಗಳಲ್ಲಿ ಪ್ರಮುಖ. ಅದೇ ಕಂಪನಿಯ 1934ರ ಕ್ಯಾಡಿಲಾಕ್‌ಗಳಲ್ಲಿ ಎರಡು ಮುಂಚಕ್ರಗಳಿಗೂ ಬೇರೆಬೇರೆ ಸಸ್ಪೆನ್ಷನ್ ಬಂತು. ಅದುರು ತಗ್ಗಿತು, ಸವಾರಿ ಮೆತ್ತಗಾಯಿತು. ಆದರೆ ಒಂದು ಆಕ್ಸಲ್ ಇದ್ದಲ್ಲಿ ಹತ್ತಾರು ಬುಷ್, ಜಾಯಿಂಟುಗಳು ಸೇರಿಕೊಂಡವು. ಸವೆಯುವ ಜಾಗ ಹೆಚ್ಚಾದಷ್ಟೂ ದೋಷ ಅಡಗುವ ಜಾಗವೂ ಹೆಚ್ಚಿತು.

ದಕ್ಷಿಣ ತಮಿಳುನಾಡಿನ ದಿಂಡಿಗಲ್, ತೇನಿ, ಕಂಬಂ ಕಣಿವೆಯ ರಸ್ತೆಗಳು ಈ ಅಡಗಿದ ದೋಷಗಳನ್ನೆಲ್ಲ ಹೊರಗೆಳೆಯುವಂಥವು. ಬೆಂಗಳೂರಿನಿಂದ ಸೇಲಂ, ಕರೂರು ದಾಟಿ ದಿಂಡಿಗಲ್‌ಗೆ ಇಳಿಯುವ ಹೆದ್ದಾರಿ 44 ಬಹುಮಟ್ಟಿಗೆ ನೇರ. ಕಾರು ಎಡಕ್ಕೆ ಎಳೆಯುತ್ತದೋ, ನೂರರ ವೇಗದಲ್ಲಿ ತೇಲಾಡುತ್ತದೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ದಿಂಡಿಗಲ್‌ನಿಂದ ಪಶ್ಚಿಮಕ್ಕೆ ತಿರುಗಿದರೆ ತೇನಿ. ಅಲ್ಲಿಂದ ಒಂದು ದಾರಿ ಬೋಡಿನಾಯಕನೂರಿನ ಮೇಲೆ ಬೋಡಿಮೆಟ್ಟು ಹತ್ತಿ ಮುನ್ನಾರ್‌ಗೆ, ಇನ್ನೊಂದು ಕಂಬಂ, ಗೂಡಲೂರು, ಲೋಯರ್ ಕ್ಯಾಂಪ್ ಮೂಲಕ ಕುಮಳಿಗೆ. ಈ ಘಾಟಿಗಳ ಹೇರ್‌ಪಿನ್ ತಿರುವುಗಳಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಸ್ಟೀರಿಂಗ್ ತಿರುಗಿಸಿದೊಡನೆ ಮೂತಿ ತಿರುಗುತ್ತದೆಯೇ, ಬಿಟ್ಟೊಡನೆ ಮರಳುತ್ತದೆಯೇ, ನಡುವೆ ಸಡಿಲ (ಪ್ಲೇ) ಎಷ್ಟಿದೆ? ಬಯಲಿನಲ್ಲಿ ಸೊಗಸಾಗಿ ಓಡಿದ ಕಾರಿನ ಬಣ್ಣ ಘಾಟಿಯಲ್ಲಿ ಬಯಲಾಗುವುದುಂಟು.

ಈ ಕಣಿವೆಯ ನಿಜವಾದ ಪರೀಕ್ಷಾ ವಾಹನ ಸ್ಪೋರ್ಟ್ಸ್ ಕಾರಲ್ಲ, ಜೀಪು. ಬೋಡಿ, ತೇವಾರಂ, ಕಂಬಂ ಕಡೆಗಳಿಂದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ಬೆಳಗಾಗುವ ಮುಂಚೆ ಹೇರಿಕೊಂಡು ಹೋಗುವ ಜೀಪುಗಳು ದಶಕಗಳಿಂದ ಇಲ್ಲಿನ ದಿನಚರಿ. ಮಹೀಂದ್ರ 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಮಾದರಿಯ ಹಳೆಯ ಜೀಪಿನಲ್ಲಿ ಮುಂದೆಯೂ ಗಟ್ಟಿ ಆಕ್ಸಲ್, ಪಟ್ಟೆ ಸ್ಪ್ರಿಂಗ್. ಅಲ್ಲಿ ಸುಲಭವಾಗಿ ಹೊಂದಿಸಬಹುದಾದದ್ದು ಟೋ ಒಂದೇ. ಕ್ಯಾಸ್ಟರ್ ಬದಲಿಸಬೇಕಿದ್ದರೆ ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಓರೆ ಬಿಲ್ಲೆ ಇಡಬೇಕು. ಸ್ಟೀರಿಂಗ್ ಬಾಕ್ಸಿನಿಂದ ಚಕ್ರಗಳಿಗೆ ಚಲನೆ ಸಾಗಿಸುವ ನಡುವಿನ ಬೆಲ್ ಕ್ರ್ಯಾಂಕ್ ಸವೆದರೆ, ಚಕ್ರ ಹೊರಳುವ ಕಿಂಗ್ ಪಿನ್ ಸಡಿಲಾದರೆ, ಟೋ ಎಷ್ಟು ಸಲ ಹೊಂದಿಸಿದರೂ ಗಾಡಿ ರಸ್ತೆಯಗಲ ಹುಡುಕುತ್ತಲೇ ಹೋಗುತ್ತದೆ. ಮೊದಲು ಸಡಿಲ ಹುಡುಕು, ಆಮೇಲೆ ಕೋನ ಅಳೆ ಎಂಬ ಕ್ರಮವನ್ನು ಮೆಕ್ಯಾನಿಕ್‌ಗೆ ಕಲಿಸುವುದರಲ್ಲಿ ಹಳೆಯ ಜೀಪನ್ನು ಮೀರಿಸಿದ್ದು ಕಡಿಮೆ.

ತಮಿಳುನಾಡಿಗೆ ತನ್ನದೇ ಆದ ಸ್ಪೋರ್ಟ್ಸ್ ಕಾರಿನ ನಂಟೂ ಇದೆ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ 1961ರಿಂದ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲತಃ 1959ರ ಬ್ರಿಟಿಷ್ ಟ್ರಯಂಫ್ ಹೆರಾಲ್ಡ್. ಅದೇ ಚೌಕಟ್ಟನ್ನು ಮೊಟಕುಗೊಳಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬಂತು. ಅದೇ ಮನೆತನದ, ಮುಂಚಕ್ರವನ್ನು ಹೊರುವ ಕಂಬಗಳನ್ನು ಲೋಟಸ್ ಕಂಪನಿ ತನ್ನ ಎಲಾನ್‌ಗೂ ಬಳಸಿಕೊಂಡಿತು. ಮಧುರೆ, ದಿಂಡಿಗಲ್ ಬೀದಿಗಳಲ್ಲಿ ಓಡಾಡಿದ ಸಾಧಾರಣ ಕುಟುಂಬದ ಕಾರಿನ ಮುಂಗಾಲು, ಜಗತ್ತಿನ ಅತ್ಯಂತ ಚುರುಕಾದ ಸ್ಟೀರಿಂಗ್ ಎಂದು ಹೊಗಳಿಸಿಕೊಂಡ ಕಾರಿನ ಮುಂಗಾಲಿಗೆ ದಾಯಾದಿ! ಹೆರಾಲ್ಡ್ ಸುಮಾರು 25 ಅಡಿ ಸುತ್ತಿನಲ್ಲಿ ಹೊರಳಿಬಿಡುತ್ತಿತ್ತು; ಘಾಟಿಯ ತಿರುವಿಗೆ ಹೇಳಿ ಮಾಡಿಸಿದಂತಿತ್ತು.

ಸ್ಟೀರಿಂಗ್ ಸ್ಪಷ್ಟವಾಗಿಲ್ಲ ಎಂಬ ದೂರಿಗೆ ಈ ಕಾರುಗಳ ಕುಟುಂಬ ಪಠ್ಯಪುಸ್ತಕದಂಥದು. ಸ್ಟೀರಿಂಗ್ ರ‍್ಯಾಕ್ ಚೌಕಟ್ಟಿಗೆ ಬಿಗಿದಿರುವುದು ರಬ್ಬರ್ ದಿಂಬುಗಳ ಮೇಲೆ. ಇಂಜಿನ್ ಆಯಿಲ್ ಸೋರಿ ರಬ್ಬರ್ ಮೆತ್ತಗಾದರೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರಕ್ಕೆ ಮುಂಚೆ ರ‍್ಯಾಕೇ ಅತ್ತಿತ್ತ ಸರಿಯುತ್ತದೆ. ನಿಂತ ಕಾರಿನ ಕೋನ ಅಳೆದರೆ ಎಲ್ಲವೂ ಸರಿ. ಓಡಿಸಿದರೆ ಮಾತ್ರ ಮಬ್ಬು. ಇನ್ನೊಂದು ಕೀಲು ಮುಂಚಕ್ರದ ಕೆಳಗಿನ ಟ್ರನಿಯನ್. ತಿರುಪಿನ ಮರೆಯಿರುವ ಈ ಕಂಚಿನ ಭಾಗಕ್ಕೆ ಗ್ರೀಸ್ ಅಲ್ಲ, ದಪ್ಪ ಗೇರ್ ಆಯಿಲ್ ಹಾಕಬೇಕೆಂದು ಕಂಪನಿ ಹೇಳಿತ್ತು. ಅಲಕ್ಷ್ಯ ಮಾಡಿದರೆ ನೀರು ಸೇರಿ ತುಕ್ಕು ಹಿಡಿದು ಸ್ಟೀರಿಂಗ್ ಬಿಗಿಯಾಗುತ್ತದೆ. ವಿಪರೀತಕ್ಕೆ ಹೋದರೆ ಕಂಬವೇ ಮುರಿಯುತ್ತದೆ. ಹಿಂದಿನದು ಸ್ವಿಂಗ್ ಆಕ್ಸಲ್. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು ಚಕ್ರ ಒಳಕ್ಕೆ ಮಡಚಿ ಕಾರಿನ ಬಾಲ ಜಾರುತ್ತಿತ್ತು. ಭಾರತದ ಮೆಕ್ಯಾನಿಕರಿಗೂ ಮಾಲೀಕರಿಗೂ ಇದು ಒಗ್ಗಲಿಲ್ಲ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗಜೆಲ್‌ನಲ್ಲಿ ಹಿಂದೆ ಗಟ್ಟಿ ಆಕ್ಸಲ್ ಇತ್ತು. ಬ್ರಿಟನ್ನಿನಲ್ಲಿ ಸ್ಪಿಟ್‌ಫೈರ್‌ನ ಹಿಂದಿನ ಸ್ಪ್ರಿಂಗನ್ನೇ ಮಾರ್ಪಡಿಸಿ ಇದೇ ಚಾಳಿಗೆ ಕಡಿವಾಣ ಹಾಕಿದರು.

ಹೆರಾಲ್ಡ್‌ಗಳು ಮದ್ರಾಸಿನ ಹೊರವಲಯದ ಷೋಳವರಂ ವಿಮಾನಪಟ್ಟಿಯ ರೇಸುಗಳಲ್ಲೂ ಓಡಿದವು. ಮುಂದೆ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಭಾಗಗಳನ್ನು ಬಳಸಿ ಒಂದೇ ಸೀಟಿನ ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದರು. ರೇಸಿನ ಅಂಗಳದಲ್ಲಿ ಅಲೈನ್‌ಮೆಂಟ್ ಯಂತ್ರಕ್ಕಿಂತ ದಾರಕ್ಕೆ ಬೆಲೆ. ಕಾರಿನ ಎರಡೂ ಪಕ್ಕ ಸ್ಟ್ಯಾಂಡು ನಿಲ್ಲಿಸಿ ದಾರ ಎಳೆದು, ರಿಮ್ಮಿನ ಮುಂತುದಿಯಿಂದಲೂ ಹಿಂತುದಿಯಿಂದಲೂ ದಾರಕ್ಕೆ ಎಷ್ಟು ಮಿಲಿಮೀಟರ್ ಎಂದು ಸ್ಕೇಲಿನಲ್ಲಿ ಅಳೆದರೆ ನಾಲ್ಕೂ ಚಕ್ರಗಳ ಟೋ ಸಿಕ್ಕಿಬಿಡುತ್ತದೆ. ಈ ವಿಧಾನ ಇಂದಿಗೂ ಸತ್ತಿಲ್ಲ.

ದೊಡ್ಡ ಕಂಪನಿಗಳೂ ಸ್ಟೀರಿಂಗ್ ದೂರಿನ ಪೇಚಿನಿಂದ ತಪ್ಪಿಸಿಕೊಂಡಿಲ್ಲ. ಮೊದಲ ತಲೆಮಾರಿನ ಪೋರ್ಷ 911 ಹಿಂಬದಿಯ ಇಂಜಿನ್ನಿನ ಭಾರದಿಂದ ನೇರ ದಾರಿಯಲ್ಲಿ ಮುಂದೆ ಹಗುರವಾಗಿ ಚಂಚಲವಾಗಿತ್ತು. ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ ಬೀಡು ಕಬ್ಬಿಣದ ತೂಕಗಳನ್ನು ಅಡಗಿಸಿಟ್ಟು ಕೆಲವು ಕಾಲ ಸಂಭಾಳಿಸಿದರು. ನಿಜವಾದ ಮದ್ದು ಬಂದದ್ದು 1969ರ ಮಾದರಿಯಲ್ಲಿ, ವೀಲ್‌ಬೇಸನ್ನು 57 ಮಿಲಿಮೀಟರ್ ಉದ್ದ ಮಾಡಿದಾಗ. ಅದೇ ಕಂಪನಿಯ 1977ರ 928ರಲ್ಲಿ ಹಿಂದಿನ ಸಸ್ಪೆನ್ಷನ್ನನ್ನು, ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಚಕ್ರದ ಟೋ ಹೊರಕ್ಕೆ ಹೋಗದಂತೆ ರೂಪಿಸಿದ್ದರು. ಸ್ಟೀರಿಂಗ್ ದೂರಿಗೆ ಹಿಂದಿನ ಚಕ್ರವೂ ಕಾರಣವಾಗಬಹುದೆಂಬ ತಿಳಿವು ಹೀಗೆ ಕಾರಿನ ವಿನ್ಯಾಸಕ್ಕೇ ಇಳಿಯಿತು.

ಅನುಭವಿ ಗ್ಯಾರೇಜುಗಳು ಅನುಸರಿಸುವ ಪತ್ತೆಯ ಕ್ರಮ ಬಹಳ ಬದಲಾಗಿಲ್ಲ. ಮೊದಲು ಟೈರಿನ ಗಾಳಿ, ಸವೆತ. ಅಂಚು ಗರಗಸದಂತೆ ಬೆರಳಿಗೆ ಚುಚ್ಚಿದರೆ ಟೋ ಮೇಲೆ ಅನುಮಾನ. ಒಂದೇ ಬದಿ ಬೋಳಾಗಿದ್ದರೆ ಹೆಚ್ಚಾಗಿ ಕ್ಯಾಂಬರ್ ಮೇಲೆ. ಎಳೆತವಿದ್ದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡುವುದು. ಎಳೆತ ದಿಕ್ಕು ಬದಲಿಸಿದರೆ ತಪ್ಪು ಟೈರಿನದೇ, ಯಂತ್ರಕ್ಕೆ ದುಡ್ಡು ಸುರಿಯಬೇಕಿಲ್ಲ. ನೀರು ಹರಿಯಲೆಂದು ನಮ್ಮ ರಸ್ತೆಗಳ ಎಡ ಅಂಚು ಇಳಿಜಾರಾಗಿರುವುದರಿಂದ ಸ್ವಲ್ಪ ಎಡಕ್ಕೆ ಸರಿಯುವುದು ದೋಷವೇ ಅಲ್ಲ. ಆಮೇಲೆ ಕಾರನ್ನು ನೆಲದ ಮೇಲೆಯೇ ನಿಲ್ಲಿಸಿ ಒಬ್ಬರು ಸ್ಟೀರಿಂಗನ್ನು ಚೂರುಚೂರೇ ಅಲ್ಲಾಡಿಸಬೇಕು, ಇನ್ನೊಬ್ಬರು ಟೈ ರಾಡ್ ಎಂಡ್, ರ‍್ಯಾಕ್, ಲೋಯರ್ ಆರ್ಮ್ ಬುಷ್‌ಗಳ ಮೇಲೆ ಬೆರಳಿಟ್ಟು ಸಡಿಲ ಹುಡುಕಬೇಕು. ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟ್, ಬೇರಿಂಗುಗಳ ಸಡಿಲ. ಎಡಬಲ ಹಿಡಿದು ಅಲುಗಿಸಿದರೆ ಟೈ ರಾಡ್, ರ‍್ಯಾಕಿನದು. ಇಷ್ಟಾದ ಮೇಲಷ್ಟೇ ಕೋನಗಳ ಸರದಿ. ಕ್ಯಾಸ್ಟರ್ ಕಡಿಮೆ ಇರುವ ಬದಿಗೆ, ಕ್ಯಾಂಬರ್ ಹೆಚ್ಚು ಹೊರವಾಲಿದ ಬದಿಗೆ ಕಾರು ಎಳೆಯುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಇನ್ನೂ ಎರಡು ತೊಡಕು: ಅಗಲದ ಟೈರುಗಳು ರಸ್ತೆಯ ಗೀರುಗಳನ್ನೇ ಹಿಡಿದು ಹೋಗುತ್ತವೆ, ಅಂದಕ್ಕೆಂದು ಕಾರನ್ನು ತಗ್ಗಿಸಿದರೆ ಪ್ರತಿ ಹಳ್ಳದಲ್ಲೂ ಟೋ ತಾನಾಗಿ ಬದಲಾಗಿ ಸ್ಟೀರಿಂಗ್ ಕುಲುಕುತ್ತದೆ.

ಯಂತ್ರಗಳ ಕಥೆ ಬೇರೆಯೇ ವೇಗದಲ್ಲಿ ಓಡಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1946ರಲ್ಲಿ ಶುರುವಾದ ಹಂಟರ್ ಕಂಪನಿ ಬೆಳಕಿನ ಕಿರಣದಿಂದ ಕೋನ ಅಳೆಯುವ ಉಪಕರಣಗಳನ್ನು ಗ್ಯಾರೇಜುಗಳಿಗೆ ತಂದವುಗಳಲ್ಲಿ ಒಂದು. 1990ರ ದಶಕದಲ್ಲಿ ಚಕ್ರಗಳಿಗೆ ಫಲಕ ಕಟ್ಟಿ ಕ್ಯಾಮೆರಾದಿಂದ ಓದುವ ಯಂತ್ರಗಳು ಬಂದವು. ಪುದುಚೇರಿಯ ಮನಾಟೆಕ್‌ನಂಥ ಕಂಪನಿಗಳು ಅಲೈನರುಗಳನ್ನು ಇಲ್ಲೇ ತಯಾರಿಸಿದ ಮೇಲೆ ಚಿಕ್ಕ ಊರುಗಳ ಟೈರ್ ಅಂಗಡಿಗಳಿಗೂ ಅವು ತಲುಪಿದವು. ಆದರೆ 1983ರ ಮಾರುತಿ 800ರಿಂದ ಮುಂದೆ ಭಾರತದ ಬಹುತೇಕ ಸಣ್ಣ ಕಾರುಗಳಲ್ಲಿ ಹೊಂದಿಸಲು ಕಂಪನಿ ಬಿಟ್ಟಿರುವುದು ಮುಂದಿನ ಟೋ ಮಾತ್ರ. ಪರದೆಯ ಮೇಲೆ ಕ್ಯಾಂಬರ್ ಮಿತಿ ಮೀರಿ ಕೆಂಪಾಗಿ ಕಂಡರೆ ಅದನ್ನು ಸರಿಪಡಿಸುವ ನಟ್ಟೇ ಇರುವುದಿಲ್ಲ. ಬೆಂಡಾದ ಆರ್ಮನ್ನೋ ಸ್ಟ್ರಟ್ಟನ್ನೋ ಬದಲಿಸಬೇಕು. ಇದನ್ನು ಗಿರಾಕಿಗೆ ಹೇಳದೆ ಹಸಿರು ಬಣ್ಣದ ಪ್ರಿಂಟ್ ಔಟ್ ಕೊಟ್ಟು ಕಳಿಸುವ ಅಂಗಡಿಗಳಿಗೆ ಯಾವ ಊರಲ್ಲೂ ಬರವಿಲ್ಲ.

ಇತ್ತೀಚಿನ ಅಧ್ಯಾಯ ವಿದ್ಯುತ್ ಸ್ಟೀರಿಂಗಿನದು. 1988ರಲ್ಲಿ ಜಪಾನಿನ ಸುಝುಕಿ ಸೆರ್ವೊದಲ್ಲಿ ಬಂದ ಈ ವ್ಯವಸ್ಥೆ 1990ರ ಹೋಂಡಾ ಎನ್‌ಎಸ್‌ಎಕ್ಸ್ ಮೂಲಕ ಸ್ಪೋರ್ಟ್ಸ್ ಕಾರಿಗೂ ಕಾಲಿಟ್ಟಿತು. 2011ರಲ್ಲಿ ಪೋರ್ಷ 911 ಇದಕ್ಕೆ ಬದಲಾದಾಗ, ರಸ್ತೆಯ ಸುದ್ದಿ ಕೈಗೆ ಬರುತ್ತಿಲ್ಲವೆಂದು ಅಭಿಮಾನಿಗಳು ಗೊಣಗಿದರು. ಸವೆದ ಜಾಯಿಂಟಿನ ಕಂಪನವನ್ನು ಮೋಟರ್ ಒಂದಷ್ಟು ಮುಚ್ಚಿಹಾಕುವುದರಿಂದ ಈಗ ಸಡಿಲ ಕೈಗೆ ತಡವಾಗಿ ಸಿಗುತ್ತದೆ. ಅಲೈನ್‌ಮೆಂಟ್ ಮುಗಿದ ಮೇಲೆ ಅನೇಕ ಕಾರುಗಳಲ್ಲಿ ಸ್ಟೀರಿಂಗ್ ಕೋನದ ಸೆನ್ಸರಿಗೆ ಹೊಸ ಸೊನ್ನೆ ಕಲಿಸಬೇಕು; ಇಲ್ಲದಿದ್ದರೆ ಚಕ್ರ ನೇರವಿದ್ದರೂ ಕಂಪ್ಯೂಟರ್ ಕಾರು ತಿರುಗುತ್ತಿದೆಯೆಂದೇ ತಿಳಿದು ಎಚ್ಚರಿಕೆಯ ದೀಪ ಹೊತ್ತಿಸುತ್ತದೆ.