ತೈಲ ಶೋಧಕ

ತೈಲ ಶೋಧಕ ಅಥವಾ ಆಯಿಲ್ ಫಿಲ್ಟರ್ ಎಂಬುದು ಎಂಜಿನ್ನಿನೊಳಗೆ ಸುತ್ತುವ ಎಣ್ಣೆಯಿಂದ ಲೋಹದ ಪುಡಿ, ಮಸಿ ಮತ್ತು ಧೂಳಿನ ಕಣಗಳನ್ನು ಬೇರ್ಪಡಿಸುವ ಬಿಡಿಭಾಗ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ರೂಪಿಸಿದ ‘ಪ್ಯೂರೊಲೇಟರ್’ ಮೋಟಾರು ವಾಹನಗಳ ಮೊದಲ ತೈಲ ಶೋಧಕಗಳಲ್ಲಿ ಒಂದು. ಇಂದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲೂ ಜಯನಗರ, ಬನಶಂಕರಿಯ ಗ್ಯಾರೇಜುಗಳಲ್ಲೂ ಸಾಮಾನ್ಯವಾಗಿ ಕಾಣುವುದು ತಿರುಗಿಸಿ ಬಿಗಿಯುವ ಡಬ್ಬಿಯ ಮಾದರಿ.

ಒಳರಚನೆ

ಉಕ್ಕಿನ ಡಬ್ಬಿಯನ್ನು ಕತ್ತರಿಸಿ ನೋಡಿದರೆ ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದದ ಸುರುಳಿ ಕಾಣುತ್ತದೆ. ಎಣ್ಣೆಯ ಬಿಸಿಗೆ ಮೆತ್ತಗಾಗದಂತೆ ಕಾಗದಕ್ಕೆ ರಾಳವನ್ನು ಹೀರಿಸಿ ಗಟ್ಟಿಗೊಳಿಸಿರುತ್ತಾರೆ. ಮಡಿಕೆಗಳಿಂದಾಗಿ ಚಿಕ್ಕ ಡಬ್ಬಿಯಲ್ಲೇ ದೊಡ್ಡ ಹರವು ದೊರೆಯುತ್ತದೆ. ಸುರುಳಿಯ ನಡುವೆ ರಂಧ್ರಗಳುಳ್ಳ ಕೊಳವೆಯಿದ್ದು, ಒತ್ತಡಕ್ಕೆ ಕಾಗದ ಕುಸಿಯದಂತೆ ಅದು ಆಧಾರವಾಗಿ ನಿಲ್ಲುತ್ತದೆ.

ಡಬ್ಬಿಯ ತಳದ ಫಲಕದಲ್ಲಿ ವೃತ್ತಾಕಾರವಾಗಿ ಸಣ್ಣ ರಂಧ್ರಗಳೂ ನಡುವೆ ಮರೆಯಿರುವ ದೊಡ್ಡ ರಂಧ್ರವೂ ಇರುತ್ತವೆ. ಪಂಪು ನೂಕಿದ ಎಣ್ಣೆ ಸಣ್ಣ ರಂಧ್ರಗಳಿಂದ ಒಳನುಗ್ಗಿ, ಹೊರಗಿನಿಂದ ಒಳಮುಖವಾಗಿ ಕಾಗದವನ್ನು ಹಾದು, ನಡುಗೊಳವೆಯ ಮೂಲಕ ಎಂಜಿನ್ನಿಗೆ ಮರಳುತ್ತದೆ. ಸಾಧಾರಣ ಕಾಗದವು 20ರಿಂದ 40 ಮೈಕ್ರಾನ್ ಗಾತ್ರದ ಕಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ; ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್.

ಎರಡು ಕವಾಟಗಳು

ಕಾಫಿ ಫಿಲ್ಟರಿನ ರಂಧ್ರಗಳು ಕಟ್ಟಿಕೊಂಡರೆ ಡಿಕಾಕ್ಷನ್ ತಡವಾಗಿ ಇಳಿಯುತ್ತದೆ, ಅಷ್ಟೆ. ಎಂಜಿನ್ ಹಾಗೆ ಕಾಯಲಾರದು. ಎಣ್ಣೆ ನಿಂತರೆ ಬೇರಿಂಗುಗಳು ಕ್ಷಣಗಳಲ್ಲೇ ಸವೆಯತೊಡಗುತ್ತವೆ. ಆದುದರಿಂದ ಶೋಧಕದೊಳಗೆ ಸ್ಪ್ರಿಂಗಿನ ಬೈಪಾಸ್ ಕವಾಟವಿರುತ್ತದೆ. ಕೆಲವು ವಾಹನಗಳಲ್ಲಿ ಇದು ಎಂಜಿನ್ನಿನಲ್ಲೇ ಇರುವುದುಂಟು. ಕಾಗದ ಕಟ್ಟಿಕೊಂಡಾಗ, ಅಥವಾ ಚಳಿಗೆ ಎಣ್ಣೆ ಮಂದವಾದಾಗ, ಕಾಗದದ ಎರಡು ಬದಿಗಳ ಒತ್ತಡದ ಅಂತರ ಏರುತ್ತದೆ. ಅದು ಸಾಮಾನ್ಯವಾಗಿ 0.5ರಿಂದ 1.5 ಬಾರ್ ತಲುಪಿದೊಡನೆ ಕವಾಟ ತೆರೆದು, ಸೋಸದ ಎಣ್ಣೆಯನ್ನೇ ಎಂಜಿನ್ನಿಗೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆಯಾದ ಎಣ್ಣೆ ಮೇಲು ಎಂಬುದೇ ಇದರ ಹಿಂದಿನ ತರ್ಕ. ಆಗ ದೀಪವಾಗಲಿ ಸದ್ದಾಗಲಿ ಸಾಮಾನ್ಯವಾಗಿ ಚಾಲಕನನ್ನು ಎಚ್ಚರಿಸುವುದಿಲ್ಲ.

ಮತ್ತೊಂದು, ಎಣ್ಣೆ ಹಿಂದಿರುಗದಂತೆ ತಡೆಯುವ ರಬ್ಬರಿನ ಕವಾಟ. ಅಡ್ಡಲಾಗಿ ಅಥವಾ ಬೋರಲಾಗಿ ಕೂರಿಸಿದ ಡಬ್ಬಿಗಳಿಗೆ ಇದು ಅತ್ಯಗತ್ಯ. ರಬ್ಬರು ಪೆಡಸಾದರೆ ರಾತ್ರಿಯೆಲ್ಲ ಎಣ್ಣೆ ಕೆಳಗಿಳಿದು, ಬೆಳಿಗ್ಗೆ ಎಂಜಿನ್ ಹೊರಟೊಡನೆ ಕೆಲವು ಕ್ಷಣ ಲೋಹಕ್ಕೆ ಲೋಹ ಉಜ್ಜುತ್ತದೆ.

ಅಗ್ಗದ ನಕಲಿಗಳಲ್ಲಿ ಮಡಿಕೆಗಳು ವಿರಳವಾಗಿರಬಹುದು, ಕವಾಟಗಳು ಸಡಿಲವಾಗಿರಬಹುದು. ಹೊರಗಿನ ಬಣ್ಣದಿಂದ ಇದನ್ನು ಗುರುತಿಸಲಾಗದು.

ಬದಲಾವಣೆ ಮತ್ತು ವಿಲೇವಾರಿ

ಶೋಧಕವನ್ನು ಸಾಮಾನ್ಯವಾಗಿ ಎಣ್ಣೆಯೊಂದಿಗೇ ಬದಲಿಸಲಾಗುತ್ತದೆ. ಬಿ.ಟಿ.ಎಂ. ಬಡಾವಣೆಯ ಬಳಿಯ ಸಿಲ್ಕ್ ಬೋರ್ಡ್ ವೃತ್ತದಂತಹ ಕಡೆ ನಿಂತು ನಿಂತು ಸಾಗುವ ಕಾರು ಕ್ರಮಿಸುವ ದೂರ ಕಡಿಮೆ, ಎಂಜಿನ್ ಓಡುವ ಹೊತ್ತು ಹೆಚ್ಚು. ಕಿಲೋಮೀಟರುಗಳನ್ನಷ್ಟೇ ಎಣಿಸುವುದು ಇಂತಹ ಸಂಚಾರಕ್ಕೆ ಸಾಲದು. ತಯಾರಕರ ಕೈಪಿಡಿಯ ಕಾಲಮಿತಿಯನ್ನೂ ಪಾಲಿಸಬೇಕು.

ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರುತ್ತದೆ. ಕಳಚಿದ ಡಬ್ಬಿಯಲ್ಲೂ ಅದು ಉಳಿದಿರುವುದರಿಂದ ಪೂರ್ತಿ ಬಸಿದು, ಎರಡನ್ನೂ ಪರವಾನಗಿ ಪಡೆದ ಸಂಗ್ರಾಹಕರಿಗೆ ಒಪ್ಪಿಸಬೇಕು. ಚರಂಡಿಗೆ ಸುರಿದದ್ದು ರಾಜಕಾಲುವೆಗಳ ಮೂಲಕ ಕೆರೆಗಳನ್ನು ಸೇರುತ್ತದೆ.